ಜೊತೆಗಾರರಿಲ್ಲದೆ ಟೆನಿಸ್ ಅಭ್ಯಾಸ: ದಾರದ ಚೆಂಡು, ರಿಬೌಂಡ್ ನೆಟ್, ಯಂತ್ರ – ಯಾವುದಕ್ಕೆ ದುಡ್ಡು ಹಾಕಬೇಕು?

ಮಲೆನಾಡಿನ ಎಡಗೈ

ಎಲ್ಲರಿಗೂ ನಮಸ್ಕಾರ. ಬ್ಯಾಂಕಿನ ವರ್ಗಾವಣೆಯಿಂದ ಬೆಂಗಳೂರು ಬಿಟ್ಟು ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರಕ್ಕೆ ಬಂದಿದ್ದೇನೆ. ಇಲ್ಲಿನ ಕ್ಲಬ್ಬಿನಲ್ಲಿ ಒಂದು ಸಿಮೆಂಟ್ ಕೋರ್ಟ್ ಇದೆ. ಸಂಜೆ ಹಿರಿಯ ಸದಸ್ಯರ ಡಬಲ್ಸ್ ನಡೆಯುತ್ತದೆ. ಆ ನಾಲ್ವರ ಗುಂಪು ವರ್ಷಗಳಿಂದ ಬದಲಾಗಿಲ್ಲ, ಐದನೆಯವನಿಗೆ ಬೆಂಚೇ ಗತಿ. ಬೆಳಿಗ್ಗೆ ಆರರಿಂದ ಎಂಟರವರೆಗೆ ಕೋರ್ಟ್ ಪೂರ್ತಿ ಖಾಲಿ ಇರುತ್ತದೆ, ಆದರೆ ಎದುರಿಗೆ ನಿಲ್ಲುವವರು ಯಾರೂ ಇಲ್ಲ.

ಒಬ್ಬನೇ ಅಭ್ಯಾಸ ಮಾಡಲು ಮೂರು ಸಾಧನಗಳನ್ನು ನೋಡಿಟ್ಟಿದ್ದೇನೆ. ಒಂದು, ನೀರು ಅಥವಾ ಮರಳು ತುಂಬುವ ಪ್ಲಾಸ್ಟಿಕ್ ಪೀಠಕ್ಕೆ ರಬ್ಬರ್ ದಾರದಲ್ಲಿ ಕಟ್ಟಿದ ಚೆಂಡು. ಎರಡು, ಹೊಡೆದ ಚೆಂಡನ್ನು ವಾಪಸು ಪುಟಿಸುವ, ಮಡಚಿ ಕಾರಿನ ಡಿಕ್ಕಿಯಲ್ಲಿ ಇಡಬಹುದಾದ ರಿಬೌಂಡ್ ನೆಟ್. ಮೂರು, ಬ್ಯಾಟರಿಯಿಂದ ಓಡುವ ಚೆಂಡೆಸೆಯುವ ಯಂತ್ರ. ಮೊದಲನೆಯದು ಸಾವಿರ ರೂಪಾಯಿಯೊಳಗೆ ಬರುತ್ತದೆ, ಮೂರನೆಯದರ ಬೆಲೆ ಕೇಳಿ ಹೆಂಡತಿ ಮಾತು ಬದಲಿಸಿದಳು. ಹದಿನೈದು ಸಾವಿರದವರೆಗೆ ಖರ್ಚು ಮಾಡಬಲ್ಲೆ. ಕಾಲೇಜಿನಲ್ಲಿ ಆಡುತ್ತಿದ್ದೆ, ಈಗ ನಲವತ್ತರ ಹತ್ತಿರ. ಆಟ ತುಕ್ಕು ಹಿಡಿದಿದೆ, ಸರ್ವ್ ಅಂತೂ ದೇವರಿಗೇ ಪ್ರೀತಿ. ಬಳಸಿ ನೋಡಿದವರು ಹೇಳಿ.

ಗೋಡೆ ಮಿತ್ರ, ಮೈಸೂರು

ಮೂರನ್ನೂ ಬಿಡಿ ಸರ್. ಊರಿನಲ್ಲಿ ಒಂದು ಗೋಡೆ ಹುಡುಕಿ. ಶಾಲೆಯ ಕಟ್ಟಡದಲ್ಲಿ ಕಿಟಕಿ ಇಲ್ಲದ ಪಕ್ಕ, ಎಪಿಎಂಸಿ ಗೋದಾಮಿನ ಹಿಂಭಾಗ, ಎಲ್ಲಿಯಾದರೂ ಸಿಗುತ್ತದೆ. ಮುಂದೆ ಹತ್ತು ಹನ್ನೆರಡು ಮೀಟರ್ ಸಮತಟ್ಟಾದ ನೆಲ ಇದ್ದರೆ ಸಾಕು. ಅನುಮತಿ ಮೊದಲೇ ಕೇಳಿ, ಸುಣ್ಣ ಬಳಿದ ಗೋಡೆಯ ಮೇಲೆ ಚೆಂಡಿನ ಗುರುತು ಬಿದ್ದ ಮೇಲೆ ಯಾರೂ ಕೊಡುವುದಿಲ್ಲ. ನೆಲದಿಂದ 91 ಸೆಂ.ಮೀ. ಎತ್ತರಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ, ಅದು ನೆಟ್‌ನ ನಡುಭಾಗದ ಎತ್ತರ. ಅದರ ಮೇಲೆ ಇನ್ನೊಂದು ಮೀಟರ್ ಬಿಟ್ಟು ಎರಡನೆಯ ಗೆರೆ ಎಳೆಯಿರಿ. ಹೊಡೆತಗಳೆಲ್ಲ ಇವೆರಡರ ನಡುವೆ ಬೀಳಲಿ.

ಟೆನಿಸ್ ದಿಗ್ಗಜ ಬ್ಯೋನ್ ಬೋರ್ಗ್ ಸ್ವೀಡನ್ನಿನಲ್ಲಿ ಮನೆಯ ಗ್ಯಾರೇಜ್ ಬಾಗಿಲಿಗೆ ಹೊಡೆದೇ ಆಟ ಕಲಿತವರು. ಕ್ರಿಕೆಟ್ ಪ್ರಿಯರಿಗೆ ಬ್ರಾಡ್ಮನ್ ಉದಾಹರಣೆ ಗೊತ್ತೇ ಇದೆ: ಬೌರಲ್‌ನ ಮನೆಯಲ್ಲಿ ನೀರಿನ ಟ್ಯಾಂಕಿನ ಇಟ್ಟಿಗೆ ಕಟ್ಟೆಗೆ ಗಾಲ್ಫ್ ಚೆಂಡು ಎಸೆದು, ಪುಟಿದು ಬಂದದ್ದನ್ನು ಬ್ಯಾಟಿನ ಬದಲು ಸ್ಟಂಪಿನಿಂದ ಹೊಡೆಯುತ್ತಿದ್ದರು. ಇಬ್ಬರೂ ಯಾವ ಅಂಗಡಿಗೂ ಹೋಗಲಿಲ್ಲ.

ಲೆಕ್ಕದ ಮನುಷ್ಯ

ಗೋಡೆ ಮಿತ್ರರ ಮಾತು ಅರ್ಧ ಸರಿ. ಉಳಿದರ್ಧಕ್ಕೆ ಲೆಕ್ಕ ಕೊಡುತ್ತೇನೆ.

ನಿಯಮದಂತೆ ಚೆಂಡನ್ನು 254 ಸೆಂ.ಮೀ. ಎತ್ತರದಿಂದ ಗಟ್ಟಿ ನೆಲಕ್ಕೆ ಬಿಟ್ಟರೆ ಅದು 135ರಿಂದ 147 ಸೆಂ.ಮೀ. ಪುಟಿಯಬೇಕು. ಅನುಪಾತದ ವರ್ಗಮೂಲ ತೆಗೆದರೆ, ಪುಟಿದ ಚೆಂಡಿನ ವೇಗ ಬಿದ್ದ ವೇಗದ ಮುಕ್ಕಾಲು ಪಾಲು ಎಂದಾಯಿತು. ಜೋರಾಗಿ ಹೊಡೆದಷ್ಟೂ ಚೆಂಡು ಹೆಚ್ಚು ಚಪ್ಪಟೆಯಾಗಿ ಆ ಪಾಲು ಇನ್ನೂ ಇಳಿಯುತ್ತದೆ. ಗೋಡೆಯಿಂದ 6 ಮೀಟರ್ ದೂರ ನಿಂತು ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ಹೊಡೆದರೆ ಚೆಂಡು ಹೋಗಿ ಬರಲು ಸುಮಾರು ಒಂದು ಸೆಕೆಂಡ್ ಹಿಡಿಯುತ್ತದೆ. ಅದೇ ಹೊಡೆತ ಕೋರ್ಟಿನಲ್ಲಾದರೆ 23.77 ಮೀಟರ್ ಉದ್ದವನ್ನು ದಾಟಿ, ಎದುರಾಳಿಯ ರ‍್ಯಾಕೆಟ್‌ಗೆ ತಾಗಿ, ಮತ್ತೆ ಅಷ್ಟೇ ದೂರ ಬರಬೇಕು. ಅದಕ್ಕೆ ಮೂರು ಸೆಕೆಂಡಿಗೆ ಕಡಿಮೆ ಇಲ್ಲ. ಅಂದರೆ ಗೋಡೆ ನಿಮಗೆ ಕೊಡುವುದು ಮೂರನೇ ಒಂದು ಭಾಗ ಸಮಯ. ಆ ಅವಸರದಲ್ಲಿ ರ‍್ಯಾಕೆಟ್ ಹಿಂದಕ್ಕೆ ಹೋಗುವುದೇ ಇಲ್ಲ, ಕಾಲು ನೆಲ ಬಿಡುವುದಿಲ್ಲ, ಬರೀ ಮಣಿಕಟ್ಟಿನಿಂದ ತಳ್ಳುವ ಚಾಳಿ ಬೀಳುತ್ತದೆ. ವಾಲಿಗೆ (ಚೆಂಡು ನೆಲಕ್ಕೆ ಬೀಳುವ ಮೊದಲೇ ಹೊಡೆಯುವುದಕ್ಕೆ) ಇದು ಒಳ್ಳೆಯದು, ಬೇಸ್‌ಲೈನ್ ಆಟಕ್ಕೆ ಅಲ್ಲ.

ಇನ್ನೊಂದು ಸೂಕ್ಷ್ಮ ಇದೆ. ಟಾಪ್‌ಸ್ಪಿನ್ (ಮುಂದಕ್ಕೆ ಉರುಳುವ ತಿರುಗು) ಇರುವ ಚೆಂಡಿನ ಮುಂದಿನ ಮೈ ಕೆಳಕ್ಕೆ ಉರುಳುತ್ತಿರುತ್ತದೆ. ಅದು ಗೋಡೆಗೆ ಉಜ್ಜಿದಾಗ ಘರ್ಷಣೆ ಚೆಂಡನ್ನು ಮೇಲಕ್ಕೆ ಎತ್ತುತ್ತದೆ. ಹೀಗಾಗಿ ನೀವು ಚೆನ್ನಾಗಿ ಟಾಪ್‌ಸ್ಪಿನ್ ಹೊಡೆದಷ್ಟೂ ಚೆಂಡು ಗಾಳಿಯಲ್ಲಿ ತೇಲಿ, ಮೆತ್ತಗೆ ಮರಳುತ್ತದೆ. ಸ್ಲೈಸ್ (ಚೆಂಡು ಹಿಂದಕ್ಕೆ ತಿರುಗುವ ಹೊಡೆತ) ಹೊಡೆದರೆ ಇದಕ್ಕೆ ತದ್ವಿರುದ್ಧ, ಗೋಡೆಗೆ ತಾಗಿ ನೇರ ಕೆಳಕ್ಕೆ ಜಾರುತ್ತದೆ. ಎದುರಾಳಿಯಿಂದ ಬರುವ ಚೆಂಡು ಹೀಗೆ ವರ್ತಿಸುವುದಿಲ್ಲ.

ಪರಿಹಾರ ಸುಲಭ. ಹನ್ನೆರಡು ಮೀಟರ್ ಹಿಂದೆ ನಿಲ್ಲಿ, ಚೆಂಡು ಎರಡು ಬಾರಿ ನೆಲಕ್ಕೆ ಬಿದ್ದ ಮೇಲೆ ಹೊಡೆಯಿರಿ.

ಗೋಡೆ ಮಿತ್ರ, ಮೈಸೂರು

ಬೋರ್ಗ್ ಆ ಲೆಕ್ಕ ಮಾಡಿಕೊಂಡು ಹೊಡೆದಿರಲಿಕ್ಕಿಲ್ಲ ಸ್ವಾಮಿ. ಆದರೂ ಎರಡು ಪುಟಿತದ ಸಲಹೆಗೆ ನನ್ನ ತಕರಾರಿಲ್ಲ.

ದಾವಣಗೆರೆ ಪಿಇ ಮೇಷ್ಟ್ರು

ದಾರದ ಚೆಂಡಿನ ಬಗ್ಗೆ ಯಾರೂ ಮಾತನಾಡಲಿಲ್ಲ. ನಮ್ಮ ಶಾಲೆಯಲ್ಲಿ ಟೆನಿಸ್ ಕೋರ್ಟ್ ಇಲ್ಲ, ಇರುವುದು ಬರೀ ಅಂಗಳ. ಅದರಲ್ಲೇ ಮಕ್ಕಳಿಗೆ ಈ ಸಾಧನ ಕೊಟ್ಟಿದ್ದೇನೆ. ಅನುಭವದ ಮಾತು ಹೇಳುತ್ತೇನೆ, ಪೆಟ್ಟಿಗೆಯ ಮೇಲೆ ಬರೆದದ್ದಲ್ಲ.

ಪೀಠಕ್ಕೆ ನೀರು ತುಂಬಬೇಡಿ. ಪ್ಲಾಸ್ಟಿಕ್ ಬಿಸಿಲಿಗೆ ಬಿರುಕು ಬಿಟ್ಟು ನೀರು ಸೋರುತ್ತದೆ. ಸೋರದಿದ್ದರೂ ಭಾರ ಸಾಲದೆ, ಪ್ರತಿ ಹೊಡೆತಕ್ಕೆ ಪೀಠ ಒಂದೊಂದು ಗೇಣು ಮುಂದಕ್ಕೆ ಸರಿಯುತ್ತದೆ. ಒಣ ಮರಳು ತುಂಬಿ, ಅಡಿಯಲ್ಲಿ ಒದ್ದೆ ಗೋಣಿಚೀಲ ಹಾಸಿ. ನಯವಾದ ಗ್ರಾನೈಟ್ ಅಥವಾ ಟೈಲ್ಸ್ ನೆಲದಲ್ಲಿ ಗೋಣಿಚೀಲ ಇಲ್ಲದೆ ಅದು ನಿಲ್ಲುವುದೇ ಇಲ್ಲ.

ದಾರ ಹರಿಯುವುದು ಯಾವಾಗಲೂ ಚೆಂಡಿನ ಹತ್ತಿರದ ಗಂಟಿನಲ್ಲಿ. ಮೊದಲು ಅಲ್ಲಿ ರಬ್ಬರಿನ ಮೇಲೆ ಹೊದಿಸಿದ ನೂಲು ಬಿಚ್ಚಿಕೊಂಡು ಬಿಳಿ ಎಳೆಗಳು ಕಾಣಿಸುತ್ತವೆ. ಅದು ಕಂಡ ದಿನವೇ ಅಷ್ಟು ಭಾಗ ಕತ್ತರಿಸಿ ಹೊಸ ಗಂಟು ಹಾಕಿ. ಪೂರ್ತಿ ಎಳೆದ ದಾರ ತುಂಡಾದರೆ ಅದರ ತುದಿ ಕಣ್ಣಿಗೆ ಬರಬಹುದು. ನಮ್ಮಲ್ಲಿ ಮಕ್ಕಳಿಗೆ ಕನ್ನಡಕ ಹಾಕಿಸದೆ ಹೊಡೆಯಲು ಬಿಡುವುದಿಲ್ಲ.

ಇನ್ನು ಇದು ಕಲಿಸುವುದೇನು? ಚೆಂಡನ್ನು ದೇಹದ ಮುಂದೆ ತಾಗಿಸುವುದು, ಹೊಡೆದ ಕೂಡಲೇ ಮತ್ತೆ ಸಿದ್ಧವಾಗಿ ನಿಲ್ಲುವುದು, ಸಣ್ಣ ಹೆಜ್ಜೆ ಹಾಕುವುದು. ಅಷ್ಟೇ. ಮರಳುವ ಚೆಂಡು ದಾರದ ಎಳೆತಕ್ಕೆ ಸಿಕ್ಕಿ ತಗ್ಗಿನಲ್ಲಿ, ಅರೆಬರೆ ತಿರುಗುತ್ತಾ ಬರುತ್ತದೆ. ಮೊಣಕಾಲಿನ ಎತ್ತರಕ್ಕಿಂತ ಮೇಲೆ ಸಿಗುವುದೇ ಅಪರೂಪ. ಎಲ್ಲಕ್ಕಿಂತ ದೊಡ್ಡ ಕೊರತೆ ಇನ್ನೊಂದು: ನೀವು ಹೊಡೆದ ಚೆಂಡು ಕೋರ್ಟಿನೊಳಗೆ ಬೀಳುತ್ತಿತ್ತೋ, ಹಿಂದಿನ ಬೇಲಿಗೆ ಹೋಗುತ್ತಿತ್ತೋ ಎಂಬುದು ಎಂದಿಗೂ ತಿಳಿಯುವುದಿಲ್ಲ. ಎಲ್ಲ ಹೊಡೆತವೂ ಸರಿಯಾದಂತೆಯೇ ಕಾಣುತ್ತದೆ. ಹತ್ತು ವರ್ಷದ ಹುಡುಗನಿಗೆ ಅದು ಉತ್ಸಾಹ ಕೊಡುತ್ತದೆ. ನಲವತ್ತರ ಬ್ಯಾಂಕ್ ನೌಕರರಿಗೆ ಸುಳ್ಳು ಧೈರ್ಯ ಕೊಡುತ್ತದೆ.

ಮಲೆನಾಡಿನ ಎಡಗೈ

ಮೇಷ್ಟ್ರೇ, ಕೊನೆಯ ವಾಕ್ಯ ನನಗೇ ಇಟ್ಟದ್ದು ಎಂದು ಅರ್ಥವಾಯಿತು. ರಿಬೌಂಡ್ ನೆಟ್ ಹೇಗೆ?

ದಾವಣಗೆರೆ ಪಿಇ ಮೇಷ್ಟ್ರು

ಗಾಳಿ ಬೀಸಿದರೆ ಬೀಳುತ್ತದೆ. ಜೋಡಿಸಲು ಹಿಡಿಯುವ ಹೊತ್ತಿನಲ್ಲಿ ಒಂದು ಬುಟ್ಟಿ ಸರ್ವ್ ಮುಗಿಸಬಹುದು. ವಾಲಿಗೆ ಅಡ್ಡಿಯಿಲ್ಲ. ಗೋಡೆ ಸಿಗದವರಿಗೆ ಮಾತ್ರ.

ಫ್ರಿಸ್ಕೋ ಕನ್ನಡತಿ

ಟೆಕ್ಸಾಸ್‌ನಿಂದ ಬರೆಯುತ್ತಿದ್ದೇನೆ. ಇಲ್ಲಿ ಬಡಾವಣೆಗೊಂದು ಕೋರ್ಟ್ ಇದೆ. ಯಂತ್ರವನ್ನು ವಾರದಲ್ಲಿ ಎರಡು ಮೂರು ದಿನ ಬಳಸುತ್ತೇನೆ, ಆದ್ದರಿಂದ ಅದರ ಪರ ನಾಲ್ಕು ಮಾತು.

ಗಾಲಿ ಇರುವ ಸೂಟ್‌ಕೇಸ್ ಮಾದರಿಯ ಯಂತ್ರಗಳು ಹದಿನೈದರಿಂದ ಇಪ್ಪತ್ತು ಕಿಲೋ ತೂಗುತ್ತವೆ. ಒಳಗೆ ಎದುರು ಬದುರು ತಿರುಗುವ ಎರಡು ಚಕ್ರ ಇರುತ್ತವೆ, ಅವುಗಳ ನಡುವೆ ಸಿಕ್ಕಿದ ಚೆಂಡು ಚಿಮ್ಮಿ ಹೊರಗೆ ಬರುತ್ತದೆ. ಮೇಲಿನ ಚಕ್ರ ವೇಗವಾಗಿ ತಿರುಗಿದರೆ ಟಾಪ್‌ಸ್ಪಿನ್, ಕೆಳಗಿನದು ವೇಗವಾದರೆ ಸ್ಲೈಸ್. ಅಗ್ಗದ ಮಾದರಿಗಳಲ್ಲಿ ಎರಡರ ವೇಗವನ್ನೂ ಬೇರೆ ಬೇರೆಯಾಗಿ ಹೊಂದಿಸಲು ಬರುವುದಿಲ್ಲ, ಕೊಳ್ಳುವ ಮುನ್ನ ಇದನ್ನೇ ಮೊದಲು ಕೇಳಿ. ಯಂತ್ರದ ತಲೆ ಎಡಕ್ಕೂ ಬಲಕ್ಕೂ ತಾನಾಗಿ ತಿರುಗುತ್ತದೆಯೇ ಎಂಬುದು ಎರಡನೆಯ ಪ್ರಶ್ನೆ. ತಿರುಗದಿದ್ದರೆ ಒಂದೇ ಜಾಗಕ್ಕೆ ಚೆಂಡು ಬರುತ್ತಿರುತ್ತದೆ, ನೀವು ಒಂದೇ ಜಾಗದಲ್ಲಿ ನಿಂತು ಹೊಡೆಯುತ್ತಿರುತ್ತೀರಿ.

ಚೆಂಡುಗಳ ವಿಷಯ ಯಾರೂ ಮೊದಲೇ ಹೇಳುವುದಿಲ್ಲ. ಹಳತು ಹೊಸತು ಬೆರೆಸಿದರೆ ಒಂದು ಸರ್ವಿಸ್ ಗೆರೆಯ ಬಳಿ ಬೀಳುತ್ತದೆ, ಮುಂದಿನದು ಬೇಸ್‌ಲೈನಿನಲ್ಲಿ. ಚೆಂಡು ಒದ್ದೆಯಾದರೆ ಚಕ್ರ ಜಾರುತ್ತದೆ. ಒಳಗೆ ಗಾಳಿಯ ಒತ್ತಡ ತುಂಬಿರದ ಚೆಂಡುಗಳು ಸಿಗುತ್ತವೆ, ಅವು ರಬ್ಬರಿನ ದಪ್ಪದಿಂದಲೇ ಪುಟಿಯುತ್ತವೆ. ಕೈಗೆ ಸ್ವಲ್ಪ ಗಟ್ಟಿ ಎನಿಸಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ. ಮಾಮೂಲಿ ಚೆಂಡು ಡಬ್ಬಿ ತೆರೆದ ಕೆಲವು ವಾರಕ್ಕೇ ಪುಸ್ ಎನ್ನುತ್ತದೆ.

ಊರಿಗೆ ಬರುವವರ ಕೈಯಲ್ಲಿ ಯಂತ್ರ ತರಿಸುವ ಯೋಚನೆ ಇದ್ದರೆ ಮೊದಲು ಬ್ಯಾಟರಿ ನೋಡಿ. ಲಿಥಿಯಂ ಬ್ಯಾಟರಿ 100 ವ್ಯಾಟ್-ಗಂಟೆ ದಾಟಿದರೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು, 160 ದಾಟಿದರೆ ಪ್ರಯಾಣಿಕರ ಸಾಮಾನಿನಲ್ಲಿ ಒಯ್ಯುವಂತೆಯೇ ಇಲ್ಲ. ನಮ್ಮ ಪರಿಚಯದವರೊಬ್ಬರು ವಿಮಾನ ನಿಲ್ದಾಣದಲ್ಲಿ ಬ್ಯಾಟರಿ ಬಿಟ್ಟು ಬರೀ ಡಬ್ಬಿಯನ್ನು ಶಿವಮೊಗ್ಗಕ್ಕೆ ಒಯ್ದರು.

ಹಳೇ ಕ್ಲಬ್ ಮೆಂಬರು

ಈ ಯಂತ್ರ ಹೊಸದೇನಲ್ಲ. 1920ರ ದಶಕದಲ್ಲೇ ಫ್ರಾನ್ಸಿನ ರೆನೆ ಲಕೋಸ್ಟ್ ತನ್ನ ಅಭ್ಯಾಸಕ್ಕೆಂದು ಕೈಯಿಂದ ತಿರುಗಿಸುವ ಒಂದನ್ನು ಮಾಡಿಕೊಂಡಿದ್ದ. ವಿಂಬಲ್ಡನ್ ಸಿಂಗಲ್ಸನ್ನು 1925 ಮತ್ತು 1928ರಲ್ಲಿ ಗೆದ್ದ. ಈಗ ಜನರಿಗೆ ಆತ ಗೊತ್ತಿರುವುದು ಮೊಸಳೆ ಚಿತ್ರದ ಅಂಗಿಯಿಂದ. ಅಮೆರಿಕದ ಆಟಗಾರ ಆಂದ್ರೆ ಅಗಾಸಿಯ ತಂದೆ ಲಾಸ್ ವೇಗಸ್‌ನ ಮನೆಯ ಕೋರ್ಟಿನಲ್ಲಿ ಯಂತ್ರವನ್ನು ಎತ್ತರದಲ್ಲಿ ನಿಲ್ಲಿಸಿ, ಮಗನ ಕಾಲ ಬುಡಕ್ಕೆ ಚೆಂಡು ಕಡಿದಾಗಿ ಬೀಳುವಂತೆ ಮಾಡಿದ್ದರು. ಮಗ ಅದನ್ನು ದ್ವೇಷಿಸಿದ, ಚಾಂಪಿಯನ್ನೂ ಆದ. ಯಾವುದು ಯಾವುದರಿಂದ ಆಯಿತು ಎಂದು ಹೇಳುವವರು ಯಾರು!

ನಮ್ಮ ಕಾಲದಲ್ಲಿ ಯಂತ್ರದ ಕೆಲಸವನ್ನು ಮಾರ್ಕರ್, ಅಂದರೆ ಸದಸ್ಯರ ಎದುರು ನಿಂತು ಆಡಲೆಂದೇ ಕ್ಲಬ್ಬಿನಲ್ಲಿ ಇರುತ್ತಿದ್ದವರು, ಮಾಡುತ್ತಿದ್ದರು. ಒಳ್ಳೆಯ ಮಾರ್ಕರ್ ಒಬ್ಬರು ನಮ್ಮ ಎಡವಟ್ಟು ಬ್ಯಾಕ್‌ಹ್ಯಾಂಡಿಗೆ ಬೇಕೆಂದೇ ಹತ್ತು ಚೆಂಡು ಕೊಟ್ಟು, ಹನ್ನೊಂದನೆಯದನ್ನು ಹೇಳದೆ ಕೇಳದೆ ಫೋರ್‌ಹ್ಯಾಂಡಿಗೆ ಹಾಕುತ್ತಿದ್ದರು. ಮುಖ ನೋಡದ ಯಂತ್ರಕ್ಕೆ ಆ ತುಂಟತನ ಎಲ್ಲಿಂದ ಬರಬೇಕು?

ಲೆಕ್ಕದ ಮನುಷ್ಯ

ಆ ತುಂಟತನಕ್ಕೆ ವಿಜ್ಞಾನದ ಬೆಂಬಲವೂ ಇದೆ. 1979ರಲ್ಲಿ ಶೇ ಮತ್ತು ಮಾರ್ಗನ್ ಎಂಬಿಬ್ಬರು ಸಂಶೋಧಕರು ಕೈಚಲನೆಯ ಕಲಿಕೆಯ ಮೇಲೆ ಪ್ರಯೋಗ ಮಾಡಿದರು. ಒಂದೇ ಕೆಲಸವನ್ನು ಸಾಲಾಗಿ ಮಾಡಿ ಮುಗಿಸಿ ಮುಂದಿನದಕ್ಕೆ ಹೋದವರು ಅಭ್ಯಾಸದ ವೇಳೆ ಮುಂದಿದ್ದರು. ಕೆಲಸಗಳನ್ನು ಕಲಸಿ, ಕ್ರಮವಿಲ್ಲದೆ ಮಾಡಿದವರು ಆಗ ಹಿಂದೆ ಬಿದ್ದರು. ಆದರೆ ನಂತರ ಪರೀಕ್ಷಿಸಿದಾಗ ಕಲಿತದ್ದನ್ನು ಉಳಿಸಿಕೊಂಡವರು ಇವರೇ. ಅದು ಟೆನಿಸ್ ಪ್ರಯೋಗವಲ್ಲ, ಪ್ರಯೋಗಶಾಲೆಯದು. ಆದರೂ ಯಂತ್ರದ ಮುಂದೆ ಒಂದೇ ಫೋರ್‌ಹ್ಯಾಂಡ್ ನೂರು ಬಾರಿ ಹೊಡೆದು ‘ಇಂದು ಏನು ಹೊಡೆದೆ!’ ಎಂದು ಮನೆಗೆ ಹೋಗುವವರು ಶನಿವಾರದ ಪಂದ್ಯದಲ್ಲಿ ತಡವರಿಸುವುದನ್ನು ನೋಡಿದ್ದೇನೆ.

ಇನ್ನೂ ಒಂದು: ಎದುರಾಳಿಯ ಭುಜ, ಪಾದ, ರ‍್ಯಾಕೆಟ್ ನೋಡಿ ಚೆಂಡು ಎಲ್ಲಿಗೆ ಬರುತ್ತದೆ ಎಂದು ಊಹಿಸುವುದೇ ಆಟದ ಅರ್ಧ. ಡಬ್ಬಿಯಲ್ಲಿರುವ ತೂತಿಗೆ ಭುಜ ಇಲ್ಲ.

ಫ್ರಿಸ್ಕೋ ಕನ್ನಡತಿ

ಒಪ್ಪುತ್ತೇನೆ, ಆದರೆ ಅದು ಯಂತ್ರದ ದೋಷಕ್ಕಿಂತ ಬಳಸುವವರ ಆಲಸ್ಯ. ನಾನು ಯಂತ್ರವನ್ನು ನಡುವಿನಲ್ಲಿ ಇಡುವುದಿಲ್ಲ, ಎದುರು ಬೇಸ್‌ಲೈನಿನ ಮೂಲೆಯಲ್ಲಿ ಇಡುತ್ತೇನೆ, ಚೆಂಡು ನಿಜವಾದ ಕೋನದಲ್ಲಿ ಬರಲಿ ಎಂದು. ಒಂದು ಚೆಂಡು ಅಡ್ಡಲಾಗಿ, ಒಂದು ನೇರ, ಒಂದು ಎತ್ತರ ಎಂದು ಬದಲಿಸುತ್ತೇನೆ. ಪ್ರತಿ ಹೊಡೆತದ ನಂತರ ನಡುವಿಗೆ ಓಡುತ್ತೇನೆ. ಎದುರು ಕೋರ್ಟಿನಲ್ಲಿ ಕೋನ್ ಇಟ್ಟು, ಎಷ್ಟು ಚೆಂಡು ಅದರ ಆಚೆ ಬಿತ್ತು ಎಂದು ನೋಡುತ್ತೇನೆ. ಹೊಡೆದದ್ದು ಎಲ್ಲಿ ಬಿತ್ತು ಎಂದು ಕಾಣುವುದು ಯಂತ್ರದಲ್ಲೂ ಸರ್ವ್ ಬುಟ್ಟಿಯಲ್ಲೂ ಮಾತ್ರ. ಮೇಷ್ಟ್ರು ಹೇಳಿದ ಕೊರತೆ ಇಲ್ಲಿಲ್ಲ.

ಚಕ್ರವರ್ತಿ ಅಲ್ಲ, ಚಕ್ರವಾಸಿ

ಗಾಲಿಕುರ್ಚಿಯಲ್ಲಿ ಕುಳಿತು ಆಡುವವನು ನಾನು. ಲೆಕ್ಕದವರು ಹೇಳಿದ ಎರಡು ಪುಟಿತ ನಮಗೆ ನಿಯಮದಲ್ಲೇ ಇದೆ, ಎರಡನೆಯದು ಕೋರ್ಟಿನ ಹೊರಗೆ ಬಿದ್ದರೂ ನಡೆಯುತ್ತದೆ. ಒಬ್ಬನೇ ಅಭ್ಯಾಸ ಮಾಡುವಾಗ ನನಗೆ ಹೊಡೆಯುವುದಕ್ಕಿಂತ ಹೆಕ್ಕುವುದು ಕಷ್ಟ. ತುದಿಯಿಂದ ಚೆಂಡನ್ನು ಒತ್ತಿದರೆ ಒಳಗೆ ನುಂಗುವ ಉದ್ದನೆಯ ಕೊಳವೆ ಸಿಗುತ್ತದೆ. ಬಾಗದೆ ಹೆಕ್ಕಬಹುದು, ಕುರ್ಚಿಯ ಪಕ್ಕಕ್ಕೆ ಸಿಕ್ಕಿಸಿಕೊಳ್ಳಬಹುದು. ನಡೆಯುವವರಿಗೂ ಸೊಂಟ ಉಳಿಯುತ್ತದೆ. ಈ ಚರ್ಚೆಯಲ್ಲಿ ಬಂದ ಎಲ್ಲ ಸಾಧನಗಳಿಗಿಂತ ನನಗೆ ಹೆಚ್ಚು ಉಪಯೋಗವಾದದ್ದು ಅದೇ.

ಹುಬ್ಬಳ್ಳಿಯ ತಾಯಿ

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಮಗಳಿಗೆ ಎಂಟು ವರ್ಷ. ತರಬೇತಿ ವಾರಕ್ಕೆ ಎರಡೇ ದಿನ, ಉಳಿದ ದಿನ ಮನೆ ಮುಂದೆ ಹೊಡೆಯಲು ದಾರದ ಚೆಂಡು ತರಲೇ ಎಂದು ಕೇಳಲು ಬಂದೆ. ಮೇಷ್ಟ್ರ ಮಾತು ಓದಿ ಭಯವಾಗಿದೆ.

ದಾವಣಗೆರೆ ಪಿಇ ಮೇಷ್ಟ್ರು

ಭಯ ಬೇಡ ಅಮ್ಮ. ಆದರೆ ಅದಕ್ಕಿಂತ ಕೆಂಪು ಚೆಂಡು ತನ್ನಿ. ಮಕ್ಕಳಿಗೆಂದೇ ಮೂರು ಬಗೆಯ ಚೆಂಡು ಇವೆ. ಕೆಂಪು ಮಾಮೂಲಿಗಿಂತ ಶೇ 75ರಷ್ಟು ನಿಧಾನ, ಕಿತ್ತಳೆ ಶೇ 50, ಹಸಿರು ಶೇ 25. ಹತ್ತು ವರ್ಷದೊಳಗಿನವರ ಸ್ಪರ್ಧೆಗಳಲ್ಲಿ ಮಾಮೂಲಿ ಹಳದಿ ಚೆಂಡು ಬಳಸಬಾರದೆಂದು ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ 2012ರಿಂದ ನಿಯಮ ಮಾಡಿದೆ. ಹಳದಿ ಚೆಂಡು ಎಂಟು ವರ್ಷದ ಮಗುವಿನ ತಲೆಗಿಂತ ಎತ್ತರಕ್ಕೆ ಪುಟಿಯುತ್ತದೆ, ಮಗು ಹಿಂದೆ ಹಿಂದೆ ಸರಿದು ಬೆನ್ನು ಬಗ್ಗಿಸಿ ಹೊಡೆಯುವುದನ್ನು ಕಲಿಯುತ್ತದೆ. ಎರಡು ಕುರ್ಚಿಗಳ ನಡುವೆ ನಿಮ್ಮ ದುಪಟ್ಟಾ ಕಟ್ಟಿದರೆ ಅದೇ ನೆಟ್. ಆ ಕಡೆಯಿಂದ ನೀವೇ ಕೈಯಿಂದ ಎಸೆಯಿರಿ. ನಿಮಗೆ ಆಟ ಬರಬೇಕೆಂದಿಲ್ಲ.

ಅಂಗಡಿಯಲ್ಲಿ ಮಾತ್ರ ಎಚ್ಚರ. ನಮ್ಮ ಕಡೆ ‘ಟೆನಿಸ್ ಬಾಲ್’ ಎಂದರೆ ಅಂಗಡಿಯವರು ಕ್ರಿಕೆಟ್‌ಗೆಂದೇ ಮಾಡಿದ ಭಾರದ ಚೆಂಡು ಕೊಡುತ್ತಾರೆ. ನಿಜವಾದ ಟೆನಿಸ್ ಚೆಂಡಿನ ತೂಕ 56ರಿಂದ 59.4 ಗ್ರಾಂ ಮಾತ್ರ. ಆ ಭಾರದ್ದನ್ನು ರ‍್ಯಾಕೆಟ್‌ನಲ್ಲಿ ಹೊಡೆದರೆ ತಂತಿಯೂ ಹೋಯಿತು, ಮೊಣಕೈಯೂ ಹೋಯಿತು.

ಧಾರವಾಡದ ನಿವೃತ್ತ

ಇಷ್ಟೆಲ್ಲ ಮಾತಾಯಿತು, ಮೂಲ ಪ್ರಶ್ನೆ ಕೇಳಿದವರು ‘ಸರ್ವ್ ದೇವರಿಗೇ ಪ್ರೀತಿ’ ಎಂದು ಬರೆದದ್ದನ್ನು ಯಾರೂ ಗಮನಿಸಲಿಲ್ಲವೇ? ಪಂದ್ಯದಲ್ಲೂ ಒಬ್ಬನೇ ಆಡುವ ಹೊಡೆತ ಅದೊಂದೇ. ಉಳಿದೆಲ್ಲ ಹೊಡೆತ ಎದುರಾಳಿ ಕೊಟ್ಟ ಚೆಂಡಿಗೆ ಉತ್ತರ. ಇಲ್ಲಿ ಚೆಂಡು ನಿಮ್ಮ ಕೈಯಲ್ಲಿದೆ, ಸಮಯ ನಿಮ್ಮದು. ಅಂದ ಮೇಲೆ ಜೊತೆಗಾರರಿಲ್ಲದೆ ಕೆಡುವಂಥದ್ದು ಅದರಲ್ಲಿ ಏನೂ ಇಲ್ಲ. ಎರಡು ಗಂಟೆ ಖಾಲಿ ಕೋರ್ಟ್ ಇದೆ ಎನ್ನುತ್ತೀರಿ. ನಮ್ಮೂರ ಹುಡುಗರಿಗೆ ಆ ಭಾಗ್ಯ ಎಲ್ಲಿ!

ನಮ್ಮ ರೋಹನ್ ಬೋಪಣ್ಣನವರನ್ನು ನೋಡಿ. 2024ರ ಜನವರಿಯಲ್ಲಿ, 43ನೆಯ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು ವಿಶ್ವದ ಒಂದನೇ ಸ್ಥಾನಕ್ಕೆ ಏರಿದರು. ಆ ವಯಸ್ಸಿನಲ್ಲಿ ಇಪ್ಪತ್ತೈದರ ಹುಡುಗರ ಜೊತೆ ಓಡಲು ಯಾರಿಗೂ ಆಗದು. ಅವರನ್ನು ಅಲ್ಲಿ ನಿಲ್ಲಿಸಿದ್ದರಲ್ಲಿ ಸರ್ವ್‌ನ ಪಾಲು ದೊಡ್ಡದು ಎಂದು ನನ್ನ ಅಂದಾಜು.

ಮಾಡಬೇಕಾದದ್ದು ಇಷ್ಟು. ಮೊದಲ ವಾರ ಹೊಡೆಯಲೇ ಬೇಡಿ, ಬರೀ ಚೆಂಡು ಎಸೆಯಿರಿ. ರ‍್ಯಾಕೆಟ್ಟನ್ನು ಬೇಸ್‌ಲೈನಿನ ಒಳಗೆ ನೆಲದ ಮೇಲಿಡಿ, ಮುಂದಿನ ಪಾದದಿಂದ ಮೊಳದಷ್ಟು ಮುಂದೆ. ಎಸೆದ ಚೆಂಡು ಅದರ ತಂತಿಯ ಮೇಲೇ ಬೀಳಬೇಕು. ಬೆರಳು ಮಡಚಿ ಎಸೆಯಬಾರದು, ಕೈ ನೇರ ಮೇಲೆತ್ತಿ ಕಣ್ಣಿನ ಎತ್ತರದಲ್ಲಿ ಬಿಟ್ಟುಬಿಡಬೇಕು. ಎಡಗೈ ಆಟಗಾರರಾದ ನಿಮಗೆ ಎಸೆಯುವ ಕೈ ಬಲಗೈ. ನಂತರ ಸರ್ವಿಸ್ ಬಾಕ್ಸಿನ ಮೂಲೆಗಳಲ್ಲಿ ಚೆಂಡಿನ ಖಾಲಿ ಡಬ್ಬಿ ಇಡಿ. ಒಂದು ಮೂಲೆಗೆ, ಆಮೇಲೆ ಇನ್ನೊಂದಕ್ಕೆ, ಆಮೇಲೆ ಎರಡನೇ ಸರ್ವ್ ಎಂದು ಬದಲಿಸುತ್ತಾ ಹೋಗಿ. ಒಂದೇ ಮೂಲೆಗೆ ಬುಟ್ಟಿ ಖಾಲಿ ಮಾಡಬೇಡಿ. ಭುಜ ಬಿಸಿಯಾಗುವ ಮೊದಲು ಜೋರು ಬೇಡ, ನೋವು ಕಂಡರೆ ಆ ದಿನಕ್ಕೆ ಸಾಕು.

ಲೆಕ್ಕದ ಮನುಷ್ಯ

ಧಾರವಾಡದವರಿಗೆ ಒಂದು ಪೂರಕ ಲೆಕ್ಕ. ಬೇಸ್‌ಲೈನಿನಿಂದ ನೆಟ್‌ಗೆ 11.885 ಮೀಟರ್, ನೆಟ್‌ನಿಂದ ಸರ್ವಿಸ್ ಗೆರೆಗೆ 6.40 ಮೀಟರ್. ಚೆಂಡು ನೇರ ಗೆರೆಯಲ್ಲಿ ಹೋಗುತ್ತದೆ ಎಂದುಕೊಂಡರೆ, 0.914 ಮೀಟರ್ ನೆಟ್ ದಾಟಿ ಸರ್ವಿಸ್ ಗೆರೆಯೊಳಗೆ ಬೀಳಬೇಕಾದರೆ ಅದನ್ನು ನೆಲದಿಂದ ಕನಿಷ್ಠ 2.61 ಮೀಟರ್ ಎತ್ತರದಲ್ಲಿ ಹೊಡೆಯಬೇಕು. ಸಾಧಾರಣ ಎತ್ತರದ ನಮ್ಮಂಥವರ ರ‍್ಯಾಕೆಟ್ ಅಲ್ಲಿಗೆ ಮುಟ್ಟುವುದು ಕಷ್ಟ. ಆದ್ದರಿಂದ ಕೆಳಮುಖವಾಗಿ ಬಡಿದ ಸರ್ವ್ ಹೆಚ್ಚಾಗಿ ನೆಟ್ ಸೇರುತ್ತದೆ. ಮೇಲಕ್ಕೆ ಹೊಡೆದು, ತಿರುಗುವಿಕೆಯಿಂದಲೂ ಗುರುತ್ವದಿಂದಲೂ ಕೆಳಗಿಳಿಸಬೇಕು. ಒಬ್ಬರೇ ಇರುವಾಗ ಇದಕ್ಕೊಂದು ಉಪಾಯ: ನೆಟ್‌ನ ಕಂಬಗಳಿಗೆ ಬಿದಿರು ಕಟ್ಟಿ, ನೆಟ್‌ನ ಮೇಲೆ ಒಂದು ಮೀಟರ್ ಎತ್ತರಕ್ಕೆ ದಾರ ಎಳೆಯಿರಿ. ಎರಡನೇ ಸರ್ವ್ ಆ ದಾರದ ಆಸುಪಾಸಿನಲ್ಲಿ ಹಾದು ಹೋಗಿ ಒಳಗೆ ಬೀಳುತ್ತಿದ್ದರೆ ಸರಿಯಾಗಿ ತಿರುಗುತ್ತಿದೆ ಎಂದರ್ಥ.

ಮೊಬೈಲ್‌ನಲ್ಲಿ ಚಿತ್ರೀಕರಿಸಿ, ಆದರೆ ಮಾಮೂಲಿ ವಿಡಿಯೊ ಬೇಡ. ಸೆಕೆಂಡಿಗೆ 30 ಚೌಕಟ್ಟು ಹಿಡಿಯುವ ವಿಡಿಯೊದಲ್ಲಿ ಗಂಟೆಗೆ 160 ಕಿ.ಮೀ. ವೇಗದ ಚೆಂಡು ಒಂದು ಚೌಕಟ್ಟಿನಿಂದ ಮುಂದಿನದಕ್ಕೆ ಒಂದೂವರೆ ಮೀಟರ್ ಹಾರಿರುತ್ತದೆ. ತಂತಿಗೆ ಚೆಂಡು ತಾಗಿರುವುದು ಸುಮಾರು ಐದು ಮಿಲಿಸೆಕೆಂಡ್ ಮಾತ್ರ, ಅದು ಕಾಣುವುದೇ ಇಲ್ಲ. 240 ಚೌಕಟ್ಟಿನ ಸ್ಲೋ ಮೋಷನ್‌ನಲ್ಲಿ ಆ ದೂರ 18-19 ಸೆಂ.ಮೀ.ಗೆ ಇಳಿಯುತ್ತದೆ. ಒಂದು ಸಲ ಹಿಂದಿನಿಂದ, ಒಂದು ಸಲ ಪಕ್ಕದಿಂದ ತೆಗೆಯಿರಿ. ಒಂದು ಸ್ಟ್ಯಾಂಡ್ ಬೆಲೆಗೆ ಇಷ್ಟು ಕಲಿಸುವ ಸಾಧನ ಬೇರೆ ಇಲ್ಲ ಎಂದು ನನ್ನ ವಾದ. ಗೋಡೆ ಮಿತ್ರರು ಬೈದರೂ ಸರಿಯೇ.

ಗೋಡೆ ಮಿತ್ರ, ಮೈಸೂರು

ಬೈಯುವುದಿಲ್ಲ. ಆದರೆ ಆ ಸ್ಟ್ಯಾಂಡನ್ನು ಗೋಡೆಯ ಮುಂದೆ ಇಟ್ಟುಬಿಡಬೇಡಿ.

ಮಲೆನಾಡಿನ ಎಡಗೈ

ಎಲ್ಲರಿಗೂ ಧನ್ಯವಾದ. ಹೀಗೆ ತೀರ್ಮಾನಿಸಿದ್ದೇನೆ: ಯಂತ್ರ ಈಗ ಬೇಡ. ಒತ್ತಡ ರಹಿತ ಚೆಂಡು ಒಂದು ಬುಟ್ಟಿ, ಹೆಕ್ಕುವ ಕೊಳವೆ, ಮೊಬೈಲ್ ಸ್ಟ್ಯಾಂಡ್. ವಾರದಲ್ಲಿ ನಾಲ್ಕು ದಿನ ಸರ್ವ್, ಎರಡು ದಿನ ಗೋದಾಮಿನ ಗೋಡೆ (ಎರಡು ಪುಟಿತ, ಲೆಕ್ಕದವರ ಆಣೆಗೂ). ದಾರದ ಚೆಂಡನ್ನೂ ಕೊಳ್ಳುತ್ತೇನೆ, ಮೇಷ್ಟ್ರು ಕ್ಷಮಿಸಬೇಕು. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೋರ್ಟ್ ಒಣಗುವುದೇ ಇಲ್ಲ. ಆಗ ಪೋರ್ಟಿಕೋದಲ್ಲಿ ಕೈಕಾಲು ಆಡಿಸಲು ಬೇರೇನೂ ಇಲ್ಲ.

ಒಂದು ಸಮಸ್ಯೆ ಉಳಿದಿದೆ. ಕೋರ್ಟಿನ ಒಂದು ಬದಿಯಲ್ಲಿ ಬೇಲಿಯ ಜಾಲರಿ ಕಿತ್ತುಹೋಗಿದೆ, ಆಚೆ ಕಾಫಿ ತೋಟದ ಇಳಿಜಾರು. ಸರ್ವ್ ಮಾಡಿದ ಚೆಂಡುಗಳು ಅಲ್ಲಿಗೇ ಹೋಗುತ್ತವೆ. ಕ್ಲಬ್ಬಿನವರನ್ನು ಕೇಳಿದರೆ ಮುಂದಿನ ಸಭೆಯಲ್ಲಿ ನೋಡೋಣ ಎನ್ನುತ್ತಾರೆ. ಕ್ರಿಕೆಟ್ ನೆಟ್ ಕಟ್ಟಿದರೆ ತಡೆಯುತ್ತದೆಯೇ?

ಹಳೇ ಕ್ಲಬ್ ಮೆಂಬರು

ಮುಂದಿನ ಸಭೆ ಎಂದರೆ ಮುಂದಿನ ವರ್ಷ. ನೀವೇ ಕಟ್ಟಿ, ಆಮೇಲೆ ಹೇಳಿ. ಆ ನಾಲ್ವರಲ್ಲಿ ಒಬ್ಬರಿಗೆ ಮೊಣಕಾಲು ನೋವು ಬಂದಾಗ ಐದನೆಯವನಿಗೂ ಕರೆ ಬರುತ್ತದೆ, ಅಲ್ಲಿಯವರೆಗೆ ಜಗಳ ಬೇಡ.

ದಾವಣಗೆರೆ ಪಿಇ ಮೇಷ್ಟ್ರು

ಕ್ರಿಕೆಟ್‌ನ ನೈಲಾನ್ ನೆಟ್ ಧಾರಾಳವಾಗಿ ತಡೆಯುತ್ತದೆ. ಅದರ ಕಣ್ಣಿನ (ತೂತಿನ) ಅಳತೆ ಮಾತ್ರ ನೋಡಿ ಕೊಳ್ಳಿ, ಚೆಂಡಿನ ವ್ಯಾಸ ಆರೂವರೆ ಸೆಂ.ಮೀ., ಕಣ್ಣು ಐದು ಸೆಂ.ಮೀ.ಗಿಂತ ಅಗಲ ಇರಬಾರದು. ಫುಟ್‌ಬಾಲ್ ಗೋಲಿನ ನೆಟ್ ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ, ಚೆಂಡು ಸಲೀಸಾಗಿ ತೂರುತ್ತದೆ. ಬಿಗಿಯಾಗಿ ಎಳೆದು ಕಟ್ಟಬೇಡಿ, ಬಿಗಿಯಾದರೆ ಚೆಂಡು ಪುಟಿದು ಮತ್ತೆ ಕೋರ್ಟ್ ತುಂಬ ಹರಡುತ್ತದೆ. ಮೇಲೆ ಮಾತ್ರ ಕಟ್ಟಿ, ಉಳಿದದ್ದನ್ನು ಸಡಿಲವಾಗಿ ಜೋತುಬಿಡಿ. ಕೆಳಗೆ ಒಂದೆರಡು ಅಡಿ ನೆಲದ ಮೇಲೆ ಮಡಿಕೆಯಾಗಿ ಬಿದ್ದಿರಲಿ, ಚೆಂಡು ಅಲ್ಲೇ ಕುಳಿತಿರುತ್ತದೆ, ಹೆಕ್ಕುವುದೂ ಸುಲಭ. ಮಳೆಗಾಲಕ್ಕೆ ಮುಂಚೆ ಬಿಚ್ಚಿ ಒಳಗಿಡಿ, ಮತ್ತು ಇಲಿ ಮುಟ್ಟದ ಕಡೆ ಇಡಿ.